ಬಹುಮಾನ ಬಾರದ ಟಿಕೆಟ್‌ಗಳ ಋಣ

ಅಣ್ಣನಿಗೆ ಅಮ್ಮನ ಕಿಡ್ನಿ ಕಸಿ ಮಾಡಿ ಹತ್ತು ವರ್ಷ ದಾಟಿತು. ಕಳೆದ ವಾರದ ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಹೆಚ್ಚೇನೂ ಮಾತಾಡದೆ ಹಳೆಯ ಮಾತ್ರೆಗಳನ್ನೇ ಮುಂದುವರಿಸಿ ಎಂದು ಬರೆದುಕೊಟ್ಟರು. ಕಿಡ್ನಿ ರೋಗಿಗಳ ಮನೆಯವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಾಗಿಲ್ಲ. ಒಂದು ಸತ್ಯನಾರಾಯಣ ಪೂಜೆ ಮಾಡಿಸೋಣ ಎಂದು ಅತ್ತಿಗೆ ಹೇಳಿದ್ದಾಳೆ, ಅದೂ ಆಗಲಿ. ದೇವರ ಪಾಲನ್ನು ಅವಳು ನೋಡಿಕೊಳ್ಳುತ್ತಾಳೆ. ಮನುಷ್ಯರ ಪಾಲು ನನ್ನ ಮೇಲಿದೆ. ಅವರಲ್ಲಿ ಹೆಚ್ಚಿನವರ ಮುಖವನ್ನು ನಾನು ನೋಡಿಲ್ಲ, ವಿಳಾಸವೂ ಗೊತ್ತಿಲ್ಲ. ಹಾಗಾಗಿ ಹೀಗೆ ಬಹಿರಂಗವಾಗಿಯೇ ಬರೆಯಬೇಕಾಗಿದೆ.

ಅವರು ಯಾರೆಂದರೆ, ಕೇರಳದ ಕಾರುಣ್ಯ ಲಾಟರಿಯ ಟಿಕೆಟ್ ಕೊಂಡು, ಶನಿವಾರ ಮಧ್ಯಾಹ್ನದ ಡ್ರಾ ನೋಡಿ, ಒಂದು ರೂಪಾಯಿಯೂ ಬಾರದೆ ಚೀಟಿಯನ್ನು ಮುದುಡಿ ಎಸೆದವರು.

ನಾವು ಕಾಸರಗೋಡು ಜಿಲ್ಲೆಯವರು. ಅಪ್ಪ ಬೀಡಿ ಕಟ್ಟುತ್ತಿದ್ದರು, ಅಣ್ಣ ಆಟೋ ಓಡಿಸುತ್ತಿದ್ದ. ಮೂವತ್ತು ದಾಟುವ ಮೊದಲೇ ಅವನ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕಿತ್ತು. ಜಿಲ್ಲೆಗೊಂದು ಸರಕಾರಿ ಮೆಡಿಕಲ್ ಕಾಲೇಜು ಬೇಕು ಎಂಬ ಕೂಗು ಆಗಲೇ ಹಳತಾಗಿತ್ತು. 2013ರಲ್ಲಿ ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಅದಕ್ಕೆ ಶಿಲಾನ್ಯಾಸವಾಯಿತು. ಆದರೆ ಶಿಲೆಯಿಂದ ಡಯಾಲಿಸಿಸ್ ಆಗುವುದಿಲ್ಲವಲ್ಲ. ಮೊದಲು ಆಟೋ ಮಾರಿದೆವು, ಆಮೇಲೆ ಅಮ್ಮನ ಬಳೆ. ಕಸಿ ಮಾಡಿಸುವುದಾದರೆ ಕಲ್ಲಿಕೋಟೆಯ ಸರಕಾರಿ ಮೆಡಿಕಲ್ ಕಾಲೇಜೇ ಗತಿ ಎಂದಾಯಿತು. ಅಮ್ಮನ ಕಿಡ್ನಿ ಹೊಂದಿಕೆಯಾಯಿತು, ದುಡ್ಡು ಹೊಂದಿಕೆಯಾಗಲಿಲ್ಲ.

ಆ ಹೊತ್ತಿಗೆ ಕಾರುಣ್ಯ ಬೆನೆವೊಲೆಂಟ್ ಫಂಡ್ ಶುರುವಾಗಿ ಒಂದೆರಡು ವರ್ಷವಾಗಿತ್ತು. ಉಮ್ಮನ್ ಚಾಂಡಿ ಸರಕಾರದ ಹಣಕಾಸು ಮಂತ್ರಿ ಕೆ.ಎಂ. ಮಾಣಿ 2011ರಲ್ಲಿ ತಂದ ಯೋಜನೆ ಅದು. ಕಾರುಣ್ಯ ಹೆಸರಿನ ಹೊಸ ಲಾಟರಿ, ಅದರ ನಿವ್ವಳ ಲಾಭ ಕ್ಯಾನ್ಸರ್, ಹೃದ್ರೋಗ, ಕಿಡ್ನಿ, ಹಿಮೋಫಿಲಿಯಾದಂಥ ದೊಡ್ಡ ಕಾಯಿಲೆಗಳ ಬಡ ರೋಗಿಗಳಿಗೆ. ಕುಟುಂಬಕ್ಕೆ 2 ಲಕ್ಷ ರೂಪಾಯಿಯವರೆಗೆ ಸಹಾಯ, ಕಿಡ್ನಿ ರೋಗಕ್ಕೆ 3 ಲಕ್ಷದವರೆಗೆ. ಮಾಣಿಯವರ ರಾಜಕೀಯದ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಬಂದದ್ದು ನನಗೆ ನೆನಪಿಲ್ಲ. ಅಪ್ಪನಂತೂ ಅವರ ಭಾಷಣ ಬಂದರೆ ರೇಡಿಯೋ ಆರಿಸುತ್ತಿದ್ದರು. ಆದರೂ ಈ ಒಂದು ಕೆಲಸಕ್ಕೆ ಅವರಿಗೆ ನಮಸ್ಕಾರ ಸಲ್ಲಲೇಬೇಕು.

ಅರ್ಜಿ ಕೊಡಬೇಕಾದದ್ದು ಜಿಲ್ಲಾ ಲಾಟರಿ ಕಚೇರಿಯಲ್ಲಿ. ಆಸ್ಪತ್ರೆಯ ಕಾಗದ ಹಿಡಿದು ಲಾಟರಿ ಕಚೇರಿಯ ಮೆಟ್ಟಿಲು ಹತ್ತುವುದು ವಿಚಿತ್ರ ಅನುಭವ. ಒಂದು ಮೇಜಿನ ಮುಂದೆ ಕಟ್ಟುಗಟ್ಟಲೆ ಟಿಕೆಟ್ ಎಣಿಸುವ ಏಜೆಂಟರು, ಪಕ್ಕದಲ್ಲಿ ಬಹುಮಾನದ ಟಿಕೆಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಕೂತವರು, ಅವರ ನಡುವೆ ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಡಾಕ್ಟರ ಅಂದಾಜುಪಟ್ಟಿ ಹಿಡಿದ ನಮ್ಮಂಥವರು. ಬೆಂಚು ಒಂದೇ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಒಳಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನೂ ಬಹುಮಾನಕ್ಕೇ ಬಂದವನೆಂದು ತಿಳಿದು "ಎಷ್ಟು ಬಂತು?" ಎಂದು ಮಲಯಾಳದಲ್ಲಿ ಕೇಳಿದರು. ಕಾಯಿಲೆಯ ವಿಷಯ ಹೇಳಿದ ಮೇಲೆ ಅವರು ಮತ್ತೆ ಜೇಬು ಮುಟ್ಟಲಿಲ್ಲ. ನನ್ನ ಸರದಿ ಬಂದಾಗ ನನಗಿಂತ ಮೊದಲು ಎದ್ದು ದಾರಿ ಬಿಟ್ಟರು.

ಮಂಜೂರಾದ ಹಣವನ್ನು ನಾವು ಕಣ್ಣಿನಲ್ಲಿ ನೋಡಲಿಲ್ಲ, ಅದು ನೇರ ಆಸ್ಪತ್ರೆಯ ಖಾತೆಗೆ ಹೋಗುತ್ತದೆ. ಆ ವ್ಯವಸ್ಥೆಯೇ ಸರಿ. ಕೈಗೆ ಕೊಟ್ಟಿದ್ದರೆ ಸಾಲ ಕೊಟ್ಟವರು ಬಾಗಿಲಲ್ಲೇ ಕಾಯುತ್ತಿದ್ದರು.

ಲಾಟರಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಸರಕಾರವೇ ಲಾಟರಿ ನಡೆಸುವ ಪದ್ಧತಿಯನ್ನು ದೇಶದಲ್ಲಿ ಮೊದಲು ಶುರುಮಾಡಿದ್ದು ಕೇರಳ. ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡರ ಸಂಪುಟದ ಹಣಕಾಸು ಮಂತ್ರಿ ಪಿ.ಕೆ. ಕುಂಞು ಅವರ ಕಾಲದಲ್ಲಿ, 1967ರ ನವೆಂಬರ್ 1ರಂದು ಮಾರಾಟಕ್ಕೆ ಬಂದ ಮೊದಲ ಟಿಕೆಟಿನ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000. ಮೊದಲ ಡ್ರಾ ನಡೆದದ್ದು 1968ರ ಗಣರಾಜ್ಯ ದಿನದಂದು. (ನವೆಂಬರ್ 1 ಕಾಸರಗೋಡಿನ ಕನ್ನಡಿಗರಿಗೆ ಹಬ್ಬವೋ ಶ್ರಾದ್ಧವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದು ಇರಲಿ.) ಅತ್ತ ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ದಿನಗೂಲಿಯೆಲ್ಲ ಚೀಟಿಗೆ ಹೋಗಿ ಒಲೆ ಉರಿಯದ ಮನೆಗಳನ್ನು ಕಂಡವರು ಆ ನಿಷೇಧವನ್ನು ತಪ್ಪೆನ್ನಲಾರರು. ನಾನೂ ಎನ್ನುವುದಿಲ್ಲ. ನಮ್ಮ ಬೀದಿಯಲ್ಲೇ ಅಂಥ ಮನೆಯಿತ್ತು.

ಹಾಗಾದರೆ ನನ್ನ ಅಣ್ಣನ ಜೀವ ಉಳಿಸಿದ ಹಣ ಎಲ್ಲಿಂದ ಬಂತು? ಆಟೋ ನಿಲ್ದಾಣದಿಂದ, ಮೀನಿನ ಮಾರ್ಕೆಟಿನಿಂದ, ಕೆಂಪುಕಲ್ಲಿನ ಕ್ವಾರಿಯಿಂದ. ನಮ್ಮಷ್ಟೇ ಬಡವರ ಜೇಬಿನಿಂದ. ಶ್ರೀಮಂತರು ಕೊಟ್ಟ ದಾನವಾಗಿದ್ದರೆ ಕೈಮುಗಿದು ಮರೆಯಬಹುದಿತ್ತು, ಇದನ್ನು ಮರೆಯುವುದು ಸಾಧ್ಯವಿಲ್ಲ. ಟಿಕೆಟ್ ಕೊಳ್ಳುವಾಗ ಯಾರದೋ ಕಿಡ್ನಿಗೆಂದು ಯಾರೂ ಕೊಳ್ಳುವುದಿಲ್ಲ, ಮಗಳ ಮದುವೆಗೋ ಮನೆಯ ಸಾಲಕ್ಕೋ ಎಂದು ಕೊಳ್ಳುತ್ತಾರೆ. ಅವರ ಆಸೆ ಕೈಗೂಡಲಿಲ್ಲ, ನಮ್ಮದು ಕೈಗೂಡಿತು. ಆದ್ದರಿಂದಲೇ ಈ ಬರಹದಲ್ಲಿ ನನಗೆ ಸಂತೋಷದ ಜೊತೆ ಸ್ವಲ್ಪ ಸಂಕೋಚವೂ ಇದೆ.

2024ರ ಓಣಂ ಬಂಪರಿನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಕರ್ನಾಟಕದ ಪತ್ರಿಕೆಗಳೆಲ್ಲ ಅದನ್ನು ಬರೆದವು. ವಯನಾಡಿನಲ್ಲಿ ಕೊಂಡ ಟಿಕೆಟ್ ಅದು. ರಾಜ್ಯದ ಗಡಿಯ ತಲಪಾಡಿ ದಾಟಿ ಬರುವ ಲಾರಿ ಚಾಲಕರು, ಮಂಗಳೂರಿನಿಂದ ಮದುವೆಗೆಂದು ಬಂದವರು ಇಲ್ಲಿ ಟಿಕೆಟ್ ಕೊಳ್ಳುವುದನ್ನು ನಾವು ದಿನವೂ ನೋಡುತ್ತೇವೆ. ಗೆಲ್ಲದೆ ಊರಿಗೆ ಮರಳಿದ ಆ ಕನ್ನಡಿಗರಿಗೂ ನನ್ನ ವಂದನೆ ಸೇರಬೇಕು.

ಇನ್ನು ಟಿಕೆಟ್ ಮಾರುವವರು. ಕಾಲಿಲ್ಲದವರು ಮೂರು ಚಕ್ರದ ಸ್ಕೂಟರಿನ ಮೇಲೆ ಹಲಗೆ ಕಟ್ಟಿ, ಟಿಕೆಟ್‌ಗಳಿಗೆ ಕ್ಲಿಪ್ ಹಾಕಿ ನಿಲ್ಲುತ್ತಾರೆ. ಕಣ್ಣು ಕಾಣದವರು ಧ್ವನಿವರ್ಧಕದಲ್ಲಿ "ನಾಳೆ, ನಾಳೆ" ಎನ್ನುತ್ತಾ ಬಸ್ ನಿಲ್ದಾಣವಿಡೀ ಓಡಾಡುತ್ತಾರೆ. ಮಾರಿದ ಟಿಕೆಟಿನ ಕಮಿಷನ್ನೇ ಅವರ ಸಂಬಳ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಡ್ರಾ ನಿಂತಾಗ ಅವರ ಹಲಗೆಗಳೆಲ್ಲ ಖಾಲಿಯಾದವು. ಅದೇ ದಿನಗಳಲ್ಲಿ ತಲಪಾಡಿಯ ಗಡಿಯೂ ಮುಚ್ಚಿತ್ತು, ಅಣ್ಣನ ಮಾತ್ರೆಗೆ ನಾವು ಪರದಾಡುತ್ತಿದ್ದೆವು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆ ಅದು, ತಪ್ಪಿಸುವಂತಿಲ್ಲ. ಔಷಧಿಗಳನ್ನು ಊರಿಂದ ಊರಿಗೆ ತಲುಪಿಸಿದ ಅಗ್ನಿಶಾಮಕ ದಳದ ಸಿಬ್ಬಂದಿಯನ್ನು ಈ ಪಟ್ಟಿಗೆ ಸೇರಿಸದಿದ್ದರೆ ಅಣ್ಣ ನನ್ನನ್ನು ಬೈಯುತ್ತಾನೆ.

ಕಾರುಣ್ಯದ ಕತೆ ಈಗ ಬದಲಾಗಿದೆ. 2019ರಿಂದ ಚಿಕಿತ್ಸಾ ಸಹಾಯ ಹೆಚ್ಚಾಗಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಡಿ ಬಂದಿದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ. ಮೊತ್ತ ದೊಡ್ಡದು, ಒಪ್ಪುತ್ತೇನೆ. ಆದರೆ ಈ ಲಾಟರಿಯ ಲಾಭ ಈ ರೋಗಿಗೆ ಎಂಬ ನೇರ ನಂಟು ತೆಳುವಾಯಿತು, ಆಸ್ಪತ್ರೆಗಳ ಬಾಕಿಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯಲ್ಲಿ ಸತ್ಕಾರ್ಯಗಳ ಹಣವನ್ನು ಆರೋಗ್ಯ, ಶಿಕ್ಷಣ, ಪರಿಸರ ಮತ್ತು ಸಮಾಜಸೇವೆಗೆ ಶೇಕಡಾ 40, ಕ್ರೀಡೆ, ಕಲೆ, ಪರಂಪರೆಗೆ ತಲಾ 20 ಎಂದು ಪಾಲು ಮಾಡಿಟ್ಟಿದ್ದಾರೆ. ಬೊಕ್ಕಸದ ಕಡಲಿಗೆ ಸುರಿಯುವುದಕ್ಕಿಂತ ಹೀಗೆ ಗೆರೆ ಎಳೆದಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಟಿಕೆಟಿನ ಮೇಲಿನ ಜಿಎಸ್‌ಟಿ 2025ರಲ್ಲಿ ಶೇಕಡಾ 40ಕ್ಕೆ ಏರಿದೆ. ಅದೇ ವರ್ಷ ವಾರದ ಲಾಟರಿಗಳ ಹೆಸರುಗಳೂ ಬದಲಾದವು, ವಿನ್‌ವಿನ್ ಹೋಗಿ ಭಾಗ್ಯತಾರಾ, ನಿರ್ಮಲ್ ಹೋಗಿ ಸುವರ್ಣ ಕೇರಳಂ. ಶನಿವಾರಕ್ಕೆ ಮಾತ್ರ ಕಾರುಣ್ಯವೇ ಉಳಿದಿದೆ. ನನಗಂತೂ ಸಮಾಧಾನವಾಯಿತು.

ಕೊನೆಗೆ, ಹೆಸರು ಹೇಳಬೇಡ ಎಂದು ಕಟ್ಟುನಿಟ್ಟಾಗಿ ತಾಕೀತು ಮಾಡಿದ ನಮ್ಮ ಊರಿನ ನಿವೃತ್ತ ಮೇಷ್ಟರಿಗೆ. ಮಲಯಾಳದಲ್ಲಿ ಬರೆಯಲು ಬಾರದ ಅಪ್ಪನ ಅರ್ಜಿಯನ್ನು ಅವರು ತಮ್ಮ ಜಗಲಿಯಲ್ಲಿ ಕೂತು ಬರೆದರು, ಪ್ರತಿಯೊಂದು ಕಾಗದದ ನಕಲನ್ನು ಬೇರೆಯಾಗಿ ಕಟ್ಟಿಟ್ಟರು, ಬಸ್ಸಿನ ಚಿಲ್ಲರೆಯನ್ನೂ ನಮ್ಮಿಂದ ತೆಗೆದುಕೊಳ್ಳಲಿಲ್ಲ. ಈಗ ಅವರ ಕೈ ನಡುಗುತ್ತದೆ. ಆ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಚಿಕಿತ್ಸಾ ಸಹಾಯಕ್ಕೆ ಅರ್ಜಿ ಹಾಕಬೇಕಾದ ನಮ್ಮ ಪಂಚಾಯತಿನ ಕನ್ನಡದ ಮನೆಯವರು ಯಾವ ಭಾನುವಾರವಾದರೂ ಬನ್ನಿ. ರೇಷನ್ ಕಾರ್ಡು, ಆಧಾರ್, ಡಾಕ್ಟರ ಚೀಟಿ ತನ್ನಿ, ಉಳಿದದ್ದನ್ನು ನಾನು ಬರೆದುಕೊಡುತ್ತೇನೆ.