ಡೇರೆ ಹಾಕಿದ್ದನ್ನು ಬರೆದವರು ಕಾರಣವನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಬಲ್ಗೇರಿಯಾದ ರಾಜಧಾನಿ ಸೋಫಿಯಾದ ರಸ್ತೆಗಳಲ್ಲಿ ಪ್ರತಿಭಟನಾಕಾರರು ಡೇರೆ ಹಾಕಿ ಜನಜೀವನಕ್ಕೆ ತೊಂದರೆ ಕೊಡುತ್ತಿದ್ದಾರೆ ಎಂಬ ತಮ್ಮ ಪತ್ರಿಕೆಯ ವರದಿಯನ್ನು, ಆ ತೊಂದರೆಯನ್ನು ಪೂರ್ತಿ ಅನುಭವಿಸಿ ಮನೆಗೆ ಬಂದ ದಿನವೇ ಓದಿದೆ. ಓರ್ಲೊವ್ ಮೋಸ್ತ್ ಸೇತುವೆಯ ಬಳಿ ಬಸ್ಸು ಮುಂದೆ ಹೋಗಲಿಲ್ಲ. ಮುಖಗವಸು ಹಾಕಿಕೊಂಡು, ಔಷಧಿಯ ಚೀಲ ಹಿಡಿದು ಬಿಸಿಲಿನಲ್ಲಿ ನಡೆದು ವಾಸ್ತವ್ಯ ಪರವಾನಗಿಯ ಕಚೇರಿ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ಮನೆಗೆ ಬಂದರೆ, ಪ್ರತಿ ಬೇಸಿಗೆಯಂತೆ ಕೊಳವೆ ದುರಸ್ತಿಯೆಂದು ಬಿಸಿನೀರು ನಿಲ್ಲಿಸಿದ್ದರು. ಇಷ್ಟಾದರೂ ಡೇರೆ ಹಾಕಿದ ಯುವಕರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು, ಪ್ರಧಾನಿ ಬೊಯ್ಕೊ ಬೊರಿಸೊವ್ ಅವರನ್ನು ಜನಪ್ರಿಯ ನಾಯಕ ಎಂದು ಹೊಗಳಿ ಮುಗಿಸಿದ ವರದಿಯ ಮೇಲೆ.

1989ರಲ್ಲಿ ಪದಚ್ಯುತರಾದ ಕಮ್ಯುನಿಸ್ಟ್ ನಾಯಕ ತೊದೊರ್ ಝಿವ್ಕೊವ್ ಅವರಿಗೂ, ಗಡೀಪಾರಿನಿಂದ ಮರಳಿದ ಮಾಜಿ ದೊರೆ ಸಿಮಿಯೊನ್ ಅವರಿಗೂ ಅಂಗರಕ್ಷಕರಾಗಿದ್ದವರು ಈ ಬೊರಿಸೊವ್. ಸಿಮಿಯೊನ್ 2001ರಲ್ಲಿ ಪ್ರಧಾನಿಯಾದಾಗ ಇವರು ಗೃಹ ಸಚಿವಾಲಯದ ಮುಖ್ಯ ಕಾರ್ಯದರ್ಶಿಯಾದರು, 2005ರಲ್ಲಿ ಸೋಫಿಯಾದ ಮೇಯರ್ ಆದರು, ಮರುವರ್ಷ ಗೆರ್ಬ್ ಪಕ್ಷ ಕಟ್ಟಿಸಿ 2009ರಲ್ಲಿ ಪ್ರಧಾನಿಯೇ ಆದರು. ಅಗ್ನಿಶಾಮಕ ಇಲಾಖೆಯಲ್ಲಿ ದುಡಿದ ಒಬ್ಬ ವ್ಯಕ್ತಿ ಇಷ್ಟು ಮೇಲೇರಿದ್ದು ಸಣ್ಣ ಸಾಧನೆಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಮುಂದಿನದನ್ನೂ ಹೇಳಬೇಕಲ್ಲವೇ? ವಿದ್ಯುತ್ ಬಿಲ್ಲಿನ ವಿರುದ್ಧ ಜನ ಬೀದಿಗಿಳಿದಾಗ, ಪೊಲೀಸರು ಜನರನ್ನು ಹೊಡೆಯುವ ಸರ್ಕಾರದಲ್ಲಿ ತಾನಿರಲಾರೆ ಎಂದು 2013ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟವರು 2014ರಲ್ಲಿ ಮತ್ತೆ ಪ್ರಧಾನಿಯಾದರು. ತಮ್ಮ ಪಕ್ಷದ ಅಭ್ಯರ್ಥಿ ಅಧ್ಯಕ್ಷೀಯ ಚುನಾವಣೆಯಲ್ಲಿ ರುಮೆನ್ ರಾದೆವ್ ಎದುರು ಸೋತಾಗ 2016ರಲ್ಲಿ ಇನ್ನೊಮ್ಮೆ ರಾಜೀನಾಮೆಯಿತ್ತು, 2017ರಲ್ಲಿ ಮೂರನೆಯ ಬಾರಿ ಅದೇ ಕುರ್ಚಿಗೆ ಬಂದರು. ಈ 2020ರ ಜುಲೈನಲ್ಲಿ ಬುರ್ಗಾಸ್ ಬಳಿಯ ರೊಸೆನೆಟ್ಸ್ ಕಡಲತೀರಕ್ಕೆ ದೋಣಿಯಲ್ಲಿ ಬಂದಿಳಿದ ವಿರೋಧ ಪಕ್ಷದ ನಾಯಕ ಹ್ರಿಸ್ತೊ ಇವಾನೊವ್ ಅವರನ್ನು ಕಾವಲುಗಾರರು ತಡೆದು ತಳ್ಳಿದರು. ಟರ್ಕಿ ಮೂಲದ ಅಲ್ಪಸಂಖ್ಯಾತರ ಪಕ್ಷ ಕಟ್ಟಿದ ಪ್ರಭಾವಿ ರಾಜಕಾರಣಿ ಅಹ್ಮದ್ ದೊಗಾನ್ ಅವರ ಬಂಗಲೆಯ ಬಳಿ ಕಾವಲಿದ್ದ ಅವರು ಸರ್ಕಾರಿ ಭದ್ರತಾ ಸಿಬ್ಬಂದಿಯೆಂದು ಅಧ್ಯಕ್ಷ ರಾದೆವ್ ಅವರೇ ಹೇಳಿದರು. ಎರಡೇ ದಿನದಲ್ಲಿ ಅಧ್ಯಕ್ಷರ ಕಚೇರಿಯನ್ನೇ ಪ್ರಾಸಿಕ್ಯೂಟರ್‌ಗಳು ಶೋಧಿಸಿದರು. ಆ ಸಂಜೆಯಿಂದ ಜನ ಬೀದಿಯಲ್ಲಿದ್ದಾರೆ. ಈ ಸಲವೂ ಜನರಿಗೆ ಪೊಲೀಸರ ಏಟು ಬಿದ್ದಿದೆ, ಆದರೆ ಪ್ರಧಾನಿ ಹಣಕಾಸು, ಗೃಹ, ಆರ್ಥಿಕ ವ್ಯವಹಾರಗಳ ಸಚಿವರ ರಾಜೀನಾಮೆ ಪಡೆದರೇ ಹೊರತು ತಮ್ಮದನ್ನು ಕೊಡಲಿಲ್ಲ. 2013ರ ಮಾತು ಎಲ್ಲಿ ಹೋಯಿತು?

ಅಧಿಕಾರಿಗಳ ವಿಷಯ ಹೇಳಹೋದರೆ ಈ ಪತ್ರ ಸಾಲದು. ಚಳಿಗಾಲದ ವಿದ್ಯುತ್ ಬಿಲ್ಲು ಏಕೆ ಏರಿತೆಂದು ಕೇಳಲು ಹೋದರೆ ಒಂದು ಕೌಂಟರಿನವರು ಇನ್ನೊಂದು ಕೌಂಟರ್ ತೋರಿಸುತ್ತಾರೆ, ಅಲ್ಲಿದ್ದವರು ತಲೆಯೆತ್ತಿಯೂ ನೋಡುವುದಿಲ್ಲ. ಪ್ರಧಾನಿಗಳು ಬಂದುಹೋಗುತ್ತಾರೆ, ಕೌಂಟರಿನ ಆಚೆಯ ಧಿಮಾಕು ಮಾತ್ರ ಕದಲುವುದಿಲ್ಲ.

ಬೊರಿಸೊವ್ ಕೂಡಲೇ ರಾಜೀನಾಮೆ ಕೊಡಬೇಕು, ಮುಖ್ಯ ಪ್ರಾಸಿಕ್ಯೂಟರ್ ಇವಾನ್ ಗೆಶೆವ್ ಕೂಡ. ಅಲ್ಲಿಯವರೆಗೆ ಬಸ್ಸುಗಳಿಗೆ ಸಂಬಂಧಪಟ್ಟವರು ಸರಿಯಾದ ಬದಲಿ ಮಾರ್ಗವನ್ನಾದರೂ ಮಾಡಲಿ. ಹೋರಾಡುವವರನ್ನು ದೂರದಲ್ಲಿ ಕುಳಿತು ಪುಂಡರೆಂಬಂತೆ ಚಿತ್ರಿಸುವ ವರದಿಗಾರರು ಒಮ್ಮೆ ಇಲ್ಲಿಗೆ ಬಂದು, ಆ ಡೇರೆಗಳಲ್ಲಿರುವವರನ್ನು ಮಾತನಾಡಿಸಿ ಬರೆಯಲಿ.

— ಸೋಫಿಯಾ ನಿವಾಸಿ ಕನ್ನಡಿಗ
ಆಗಸ್ಟ್ 2020