ಜಾರ್ಜ್ ಬೆನ್ಸನ್ ಬರೀ ಗಾಯಕ ಅಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಗಾಯಕಿ ವಿಟ್ನಿ ಹ್ಯೂಸ್ಟನ್ ಬಗ್ಗೆ ಬಂದಿದ್ದ ಬರಹ ಓದ್ದೆ, ಚೆನ್ನಾಗೇ ಇತ್ತು, ಅವ್ರು ಹಾಡಿದ 'ದ ಗ್ರೇಟೆಸ್ಟ್ ಲವ್ ಆಫ್ ಆಲ್' ಹಾಡನ್ನ ಮೊದ್ಲು ಹಾಡಿದ್ದು ಜಾರ್ಜ್ ಬೆನ್ಸನ್, 1977ರಲ್ಲಿ, ಬಾಕ್ಸರ್ ಮಹಮ್ಮದ್ ಅಲಿ ಬಗ್ಗೆ ಬಂದ ಸಿನಿಮಾಕ್ಕೆ ಅಂತ ಬರೆದಿದ್ದೂ ಸರಿ, ಆದ್ರೆ ಬೆನ್ಸನ್‌ರನ್ನ 'ಅಮೆರಿಕದ ಪಾಪ್ ಗಾಯಕ' ಅಂತ ಮೂರೇ ಪದದಲ್ಲಿ ಮುಗಿಸಿಬಿಟ್ಟಿದ್ದು ನೋಡಿ ಸುಮ್ನಿರಕ್ಕಾಗ್ಲಿಲ್ಲ. ನಮ್ಮ ವೀಣೆ ದೊರೆಸ್ವಾಮಿ ಅಯ್ಯಂಗಾರ್ರನ್ನ ಯಾರಾದ್ರೂ ಹಾಡುಗಾರ ಅಂತ ಬರೆದ್ರೆ ಮೈಸೂರ್ನೋರು ನಾವು ಬಿಡ್ತೀವಾ?

ಬೆನ್ಸನ್ 1943ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಲ್ಲಿ ಹುಟ್ಟಿದೋರು. ಏಳು ವರ್ಷಕ್ಕೇ ಮೂಲೆ ಅಂಗಡಿಲಿ ಯುಕುಲೇಲಿ (ಪುಟ್ಟ ಗಿಟಾರಿನಂಥ ವಾದ್ಯ) ನುಡಿಸಿ ನಾಕು ಕಾಸು ಸಂಪಾದ್ನೆ, ಎಂಟಕ್ಕೆ ಲೈಸೆನ್ಸೇ ಇಲ್ಲದ ಕ್ಲಬ್ಬಲ್ಲಿ ಗಿಟಾರು, ಪೊಲೀಸ್ನೋರು ಬಂದು ಬೀಗ ಹಾಕಿಸಿದ್ರಂತೆ. ಆಮೇಲೆ ಜ್ಯಾಕ್ ಮೆಕ್‌ಡಫ್ ಅನ್ನೋ ಆರ್ಗನ್ ವಾದಕರ ಜೊತೆ ಊರೂರು ಸುತ್ತಿ ಪಳಗಿದ್ದು. 1968ರಲ್ಲಿ ಜ್ಯಾಜ್ ಸಂಗೀತದ ದಿಗ್ಗಜ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ಸೇ ತಮ್ಮ ಆಲ್ಬಮ್ಮಿಗೆ ಕರೆಸ್ಕೊಂಡ್ರು ಅಂದ್ರೆ ಕೈ ಹೆಂಗಿರ್ಬೇಕು ನೋಡಿ, ಹಾಡೋಕಂತೂ ಕರೆಸಿದ್ದಲ್ಲ! ತಂತಿ ಮೀಟೋ ಚೂರು, ಪಿಕ್ ಅಂತಾರಲ್ಲ, ಅದನ್ನ ಹಿಡಿಯೋದೇ ಬೇರೆ ಥರ, ಎಲ್ರೂ ವಾಲಿಸೋ ಕಡೆಗೆ ಉಲ್ಟಾ ವಾಲಿಸಿ ಹಿಡೀತಾರೆ, ನಾನೂ ಟ್ರೈ ಮಾಡಿ ಮಣಿಕಟ್ಟು ನೋವು ಬರಿಸ್ಕೊಂಡಿದೀನಿ.

1976ರ 'ಬ್ರೀಜಿನ್' ಆಲ್ಬಮ್ಮಲ್ಲಿ ಇರೋದು ಆರು ಟ್ರ್ಯಾಕು, ಅದ್ರಲ್ಲಿ ಹಾಡಿರೋದು ಒಂದೇ ಒಂದು, 'ದಿಸ್ ಮಾಸ್ಕರೇಡ್', ಆ ಒಂದಕ್ಕೇ ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿ ಬಂತು. ಅಲ್ಲಿಂದಾಚೆ ಜನಕ್ಕೆ ಗಂಟ್ಲೇ ನೆನಪಲ್ಲಿ ಉಳೀತು, 1980ರಲ್ಲಿ ಕ್ವಿನ್ಸಿ ಜೋನ್ಸ್ ನಿರ್ಮಾಣ ಮಾಡಿದ ಆಲ್ಬಮ್ಮು 'ಗಿವ್ ಮೀ ದ ನೈಟ್' ಬಂದ್ಮೇಲೆ ಅಂತೂ ಗಿಟಾರು ಪೂರ್ತಿ ಹಿಂದಕ್ಕೆ ಹೋಯ್ತು. ಜ್ಯಾಜ್‌ನೋರು ಕೆಲವ್ರು ಮಾರ್ಕೊಂಡ್ಬಿಟ್ಟ ಅಂತ ಬೈದ್ರು. ನಂಗೇನೋ ಹಂಗನ್ಸಲ್ಲ, ಆದ್ರೂ ನನ್ನ ಓಟು ಹಳೇ ರೆಕಾರ್ಡುಗಳಿಗೇ.

ನಂಗೆ ಇವರು ಸಿಕ್ಕಿದ್ದು ದೇವರಾಜ ಅರಸು ರಸ್ತೆ ಕ್ಯಾಸೆಟ್ ಅಂಗಡಿಲಿ, ಲೇಬಲ್ ಮೇಲೆ ಬಾಲ್‌ಪೆನ್ನಲ್ಲಿ 'ಇಂಗ್ಲಿಷ್ ಮಿಕ್ಸ್' ಅಂತ ಅಷ್ಟೇ ಬರೆದಿತ್ತು. ಸರಸ್ವತಿಪುರಂ ಮನೇಲಿ ಹಾಕಿದೆ. ಗಿಟಾರಲ್ಲಿ ಬರೋ ಒಂದೊಂದು ಸ್ವರನೂ ಬಾಯಲ್ಲೂ ಅದೇ ಕ್ಷಣಕ್ಕೆ ಬರುತ್ತಲ್ಲ, ಮಾತಿಲ್ಲ ಸಾಹಿತ್ಯ ಇಲ್ಲ, ಅದು ಬಂದಾಗ ಅಡುಗೆಮನೇಲಿ ಹುರುಳಿಕಾಯಿ ನಾರು ತೆಗೀತಿದ್ದ ನಮ್ಮಜ್ಜಿ, ಅವ್ರು ವೀಣೆ ಕಲ್ತಿದ್ದೋರು, ತಲೆ ಹೊರಗೆ ಹಾಕಿ "ಇದೇನೋ, ಇವ್ನೂ ಬಾಯಲ್ಲಿ ಹೇಳ್ಕೊಂಡೇ ನುಡಿಸ್ತಾನಲ್ಲೋ" ಅಂದ್ರು. ಅವರ ಮೇಷ್ಟ್ರು ಮೊದ್ಲು ಹಾಡು, ಆಮೇಲೆ ತಂತಿ ಮುಟ್ಟು ಅಂತಿದ್ರಂತೆ. ಈಗ ನನ್ ಮಗಳಿಗೆ ಗಿಟಾರ್ ಹೇಳ್ಕೊಡೋರು ನೋಡಿದ್ರೆ ನುಡಿಸೋವಾಗ ಬಾಯಿ ಮುಚ್ಚು ಅಂತಾರೆ, ಅವ್ರ ಜೊತೆ ಜಗಳ ಆಡೋಕೆ ನಂಗೆ ಧೈರ್ಯ ಇಲ್ಲ, ಅದಕ್ಕೇ ನಿಮಗೆ ಬರೀತಿದೀನಿ ಅಂತನೂ ಇಟ್ಕೊಳ್ಳಿ.

2009ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಕೊಟ್ಟ ಬಿರುದೂ 'ಜ್ಯಾಜ್ ಮಾಸ್ಟರ್' ಅಂತಲೇ. ಮುಂದಿನ ಸಲ ಹೆಸರು ಬಂದ್ರೆ 'ಗಿಟಾರ್ ವಾದಕ, ಗಾಯಕ' ಅಂತ ಹಾಕಿ, ಗಿಟಾರ್ ಮೊದ್ಲು ಬರ್ಲಿ.

– ಓದುಗ, ಸರಸ್ವತಿಪುರಂ, ಮೈಸೂರು