ಅದು ಕಲ್ಲಲ್ಲ, ಖಾಲಿ ಮನೆ

ಮಾನ್ಯರೇ,

ಮೊಮ್ಮಗನಿಗೆ ಮೀನಿನ ತೊಟ್ಟಿ ಕೊಡಿಸಲು ಹೋದ ವಾರ ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆ. ತೊಟ್ಟಿಯಲ್ಲಿಡುವ ಅಲಂಕಾರದ ಸಾಮಾನುಗಳ ನಡುವೆ ಮುಷ್ಟಿ ಗಾತ್ರದ ಕಡುಗೆಂಪು ತುಂಡೊಂದಿತ್ತು. ಊದುಬತ್ತಿಗಳನ್ನು ಒತ್ತಾಗಿ ಕಟ್ಟಿಟ್ಟ ಹಾಗೆ ಸಾಲು ಸಾಲು ಕೊಳವೆ. "ಒಳ್ಳೇ ಕಲ್ಲು ಮೇಡಂ, ಬಣ್ಣ ಹೋಗಲ್ಲ" ಎಂದರು ಅಂಗಡಿಯವರು.

ಅದು ಆರ್ಗನ್ ಪೈಪ್ ಹವಳ ಎಂದು ನನಗೆ ಗೊತ್ತಾದದ್ದು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗಿ ಬಂದಿದ್ದರಿಂದ. ನನಗೆ ಈಜು ಬಾರದು. ಗೈಡ್ ಹುಡುಗ ರಬ್ಬರ್ ಟ್ಯೂಬ್ ಹಿಡಿಸಿ ಎಳೆದುಕೊಂಡು ಹೋಗಿದ್ದ. ಕೆಳಗೆ ಬೂದು ಹಸಿರು ಬಣ್ಣದ ಪುಟ್ಟ ಹೂಗಳ ಹಾಸು. ಅವನು ಮುಟ್ಟಲಿಲ್ಲ, ಸುಮ್ನೆ ಕೈಯಿಂದ ನೀರು ಬೀಸಿದ. ಹೂಗಳೆಲ್ಲ ಸರಕ್ಕನೆ ಒಳಗೆ ಹೋದವು, ಅಡಿಯ ಕೆಂಪು ಕಂಡಿತು! ಹೂ ಎಂದುಕೊಂಡದ್ದು ಪ್ರಾಣಿ. ಒಂದು ಕೊಳವೆಗೆ ಒಂದು ಜೀವ, ಅದಕ್ಕೆ ಗರಿಯಂಥ 8 ಕೈ. ಈ 8ರ ಲೆಕ್ಕದಿಂದಲೇ ಇದು ಮೃದು ಹವಳಗಳ ಬಳಗಕ್ಕೆ ಸೇರುತ್ತದೆ, ಮನೆ ಮಾತ್ರ ಗಟ್ಟಿ. ಅಂಗಡಿಯಲ್ಲಿದ್ದದ್ದು ಜೀವ ಹೋದ ಮೇಲೆ ಉಳಿದ ಆ ಮನೆ. (ಕುಜದೋಷಕ್ಕೆ ಉಂಗುರದಲ್ಲಿ ಹಾಕಿಸುವ ಹವಳ ಬೇರೆ ಜಾತಿ. ನಮ್ಮ ನೆರೆಮನೆಯವರು ಆಗಲೇ ಕೇಳಿಯಾಯಿತು.)

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ (ಅತಿ ಹೆಚ್ಚು ರಕ್ಷಣೆ ಇರುವ ಜೀವಿಗಳ ಪಟ್ಟಿ) ಆರ್ಗನ್ ಪೈಪ್ ಹವಳದ ಹೆಸರಿದೆ. 2001ರಲ್ಲಿ ಸೇರಿಸಿದ್ದು. ಅಂದರೆ ಹುಲಿಯ ಸಾಲು. ಮಾರಾಟ ಮಾಡಿ ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಹುಲಿ ಉಗುರನ್ನು ಯಾರೂ ಹೀಗೆ ಶೋಕೇಸಿನಲ್ಲಿಟ್ಟು ಮಾರುವುದಿಲ್ಲ, ಅಲ್ವಾ?

ಇದನ್ನು ಹೇಳಿದಾಗ ಅಂಗಡಿಯವರು ಜಗಳಕ್ಕೆ ಬರಲಿಲ್ಲ, ನಿಜಕ್ಕೂ ಬೆಚ್ಚಿದರು. ಬೇರೆ ಸಾಮಾನಿನ ಜೊತೆ ಡಬ್ಬದಲ್ಲಿ ಬಂದದ್ದಂತೆ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕಾಯ್ದೆಯ ಪಟ್ಟಿ ಓದಿ ಯಾರು ಅಂಗಡಿ ತೆರೆಯುತ್ತಾರೆ? ಅರಣ್ಯ ಇಲಾಖೆಯವರು ಇಂಥ ಹವಳಗಳ ಬಣ್ಣದ ಚಿತ್ರ ಹಾಕಿ, ಕನ್ನಡದಲ್ಲಿ ಹೆಸರು ಬರೆದು, ಒಂದು ಹಾಳೆ ಮಾಡಿಸಲಿ. ಅಕ್ವೇರಿಯಂ ಅಂಗಡಿಗಳ ಗೋಡೆಗೆ ಅಂಟಿಸಲಿ. ಜೀವಂತ ಇದ್ದಾಗಿನ ಹಸಿರು ಚಿತ್ರವೊಂದೇ ಸಾಲದು, ಕೆಂಪು ಕೊಳವೆಯ ಚಿತ್ರವೂ ಬೇಕು. ಅಂಗಡಿಗೆ ಬರುವುದು ಅದೇ ತಾನೇ.

– ನಿವೃತ್ತ ಶಿಕ್ಷಕಿ, ರಾಜಾಜಿನಗರ, ಬೆಂಗಳೂರು